ಉಪವಾಸ ಮಾಡಿದರೆ ಅಪ್ಪನ ಕೈನಡುಕ ಕಡಿಮೆ ಆಗುತ್ತಾ?

ಪ್ರಶ್ನೆ: ನಾನು ಕಾರವಾರದಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಆಯಿ ಇಬ್ಬರೂ ಶಿರಸಿ ಹತ್ತಿರದ ನಮ್ಮೂರಲ್ಲಿದ್ದಾರೆ. ಅಪ್ಪನಿಗೆ 71 ವರ್ಷ. ಪಾರ್ಕಿನ್ಸನ್ಸ್ ಇದೆ, ಲೆವೊಡೋಪಾ ಮಾತ್ರೆ ತಗೊಳ್ತಾರೆ. ಸಕ್ಕರೆ ಕಾಯಿಲೆಗೂ ಮಾತ್ರೆ ಇದೆ. ಮೊದಲಿಂದಲೂ ಏಕಾದಶಿ ಮಾಡುವವರು. ಅವತ್ತು ಅವಲಕ್ಕಿ, ಬಾಳೆಹಣ್ಣು, ಹಾಲು ಅಷ್ಟೇ. ಈಗ ವಾಟ್ಸಾಪಿನಲ್ಲಿ ಬಂದ ಒಂದು ವಿಡಿಯೋ ನೋಡಿಕೊಂಡು, 36 ಗಂಟೆ ಬರೀ ನೀರು ಕುಡಿದು ಇರುತ್ತೇನೆ ಅಂತ ಹಟ ಹಿಡಿದಿದ್ದಾರೆ. 'ಆಟೋಫಜಿ ಶುರುವಾದರೆ ಮಿದುಳಿನ ಕಸವೆಲ್ಲ ಹೋಗುತ್ತದೆ, ಇದಕ್ಕೆ ನೊಬೆಲ್ ಬಂದಿದೆ' ಅಂತ ಅದರಲ್ಲಿ ಹೇಳಿದ್ದಾರೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಆಟೋಫಜಿ ಮತ್ತು ಪ್ರೋಟೀನ್ ಸಿಗ್ನಲಿಂಗ್ ಮೇಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಕೇಳಿದರೆ, 'ನಾನು ಕೆಲಸ ಮಾಡೋದು ಯೀಸ್ಟ್ ಮೇಲೆ ಮಾವ, ಅಜ್ಜನ ಬಗ್ಗೆ ಹೇಳೋಕೆ ಬರಲ್ಲ' ಅಂದಳು. ಯೀಸ್ಟಿಗೂ ಅಪ್ಪನ ಕಾಯಿಲೆಗೂ ಏನು ಸಂಬಂಧ? ವಿಡಿಯೋದಲ್ಲಿ ಹೇಳಿದ್ದು ನಿಜವಾ?

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. 36 ಗಂಟೆಯ ಉಪವಾಸ ನಿಮ್ಮ ಅಪ್ಪನಿಗೆ ಬೇಡ. ನಾನು ಜೀವಕೋಶಗಳ ಮೇಲೆ ಕೆಲಸ ಮಾಡುವವನು, ವೈದ್ಯನಲ್ಲ. ಆದರೆ ಇಷ್ಟು ಹೇಳಲು ಹಿಂಜರಿಯುವ ಅಗತ್ಯ ಇಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿಯುತ್ತದೆ. ಪಾರ್ಕಿನ್ಸನ್ಸ್ ಇರುವವರಿಗೆ ಎದ್ದು ನಿಂತ ಕೂಡಲೇ ಬಿಪಿ ಬೀಳುವುದು ಸಾಮಾನ್ಯ. ಹೊಟ್ಟೆ ಖಾಲಿ, ಮೈಯಲ್ಲಿ ನೀರು ಕಡಿಮೆ, ಮೇಲಿಂದ ಮಳೆಗಾಲದ ಪಾಚಿ ಹಿಡಿದ ಅಂಗಳ. ಬಿದ್ದು ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಎದ್ದು ಓಡಾಡುವುದೇ ಕಷ್ಟವಾಗುತ್ತದೆ. ಇನ್ನೊಂದು ವಿಷಯವನ್ನೂ ಕೇಳಿ ನೋಡಿ. ಕೆಲವರು ಉಪವಾಸದ ದಿನ ಮಾತ್ರೆಯೂ ಬೇಡ ಅನ್ನುತ್ತಾರೆ. ಲೆವೊಡೋಪಾವನ್ನು ಹಾಗೆ ಒಮ್ಮೆಲೇ ನಿಲ್ಲಿಸಬಾರದು. ಮೈ ಮರಗಟ್ಟಿ, ಜ್ವರ ಏರಿ, ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ಪರಿಸ್ಥಿತಿ ಬರಬಹುದು.

ಹಾಗಂತ ವಿಡಿಯೋದಲ್ಲಿ ಇರುವುದೆಲ್ಲ ಸುಳ್ಳಲ್ಲ. ಅದೇ ಕಷ್ಟ. ಅರ್ಧ ನಿಜವನ್ನು ಬಿಡಿಸಿ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು. ಸಾವಕಾಶ ಓದಿ, ಆಮೇಲೆ ಅಪ್ಪನಿಗೂ ಓದಿ ಹೇಳಿ.

ನಮ್ಮ ಕಡೆ ತೋಟದಲ್ಲಿ ಬಿದ್ದ ಅಡಿಕೆ ಸೋಗೆಯನ್ನು ಯಾರೂ ಹೊರಗೆ ಎಸೆಯುವುದಿಲ್ಲ. ಅದು ಗೊಬ್ಬರವಾಗಿ ಅದೇ ಮರಗಳ ಬುಡಕ್ಕೆ ಹೋಗುತ್ತದೆ. ಜೀವಕೋಶ ಮಾಡುವುದೂ ಅದನ್ನೇ. ಹಳೆಯದಾದ ಪ್ರೋಟೀನು, ಕೆಟ್ಟುಹೋದ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಮಾಡಿಕೊಡುವ ಭಾಗ), ಬೇಡವಾದ ಪೊರೆ, ಇವನ್ನೆಲ್ಲ ತನ್ನೊಳಗೇ ಒಡೆದು, ಸಿಕ್ಕ ಸಾಮಾನಿನಿಂದ ಹೊಸದನ್ನು ಕಟ್ಟುತ್ತದೆ. ಇದು ಎಷ್ಟು ದೊಡ್ಡ ಕೆಲಸ ಅಂತ ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ನಾವು ದಿನಕ್ಕೆ ಊಟದಲ್ಲಿ ತಿನ್ನುವ ಪ್ರೋಟೀನು ಸುಮಾರು 60 ಗ್ರಾಂ. ದೇಹ ದಿನಕ್ಕೆ ಹೊಸದಾಗಿ ಕಟ್ಟುವ ಪ್ರೋಟೀನು 200ರಿಂದ 300 ಗ್ರಾಂ. ಉಳಿದದ್ದು ಎಲ್ಲಿಂದ ಬಂತು? ನಮ್ಮದೇ ಹಳೆಯ ಪ್ರೋಟೀನಿನಿಂದ. ಹೀಗೆ ಒಡೆಯಲು ಜೀವಕೋಶಕ್ಕೆ ಎರಡು ದಾರಿ ಇವೆ. ಬಿಡಿಬಿಡಿ ಪ್ರೋಟೀನುಗಳಿಗೆ ಪ್ರೋಟಿಯಾಸೋಮ್ ಅನ್ನುವ ಯಂತ್ರ ಇದೆ. ಅದರಲ್ಲಿ ಹಿಡಿಸದ ದೊಡ್ಡ ಮುದ್ದೆಗಳು, ಇಡೀ ಮೈಟೋಕಾಂಡ್ರಿಯಾಗಳು ಹೋಗುವ ದಾರಿಯೇ ಆಟೋಫಜಿ. ಇದು ನಿಮ್ಮಲ್ಲಿ, ನನ್ನಲ್ಲಿ, ಅಪ್ಪನಲ್ಲಿ ಈಗಲೂ ನಡೆಯುತ್ತಲೇ ಇದೆ. ಉಪವಾಸ ಮಾಡಿದರೆ ಮಾತ್ರ 'ಶುರುವಾಗುತ್ತದೆ' ಅನ್ನುವುದು ತಪ್ಪು. ಹೆಚ್ಚು ಕಡಿಮೆ ಆಗುತ್ತದೆ ಅಷ್ಟೇ.

ಇನ್ನು ಯೀಸ್ಟ್ ವಿಷಯ. ನಿಮ್ಮ ಅಕ್ಕನ ಮಗಳ ಕೆಲಸ ಅಪ್ಪನಿಗೆ ದೂರದ್ದು ಅಂತ ಅನಿಸಿದರೆ, ಈ ಕಥೆ ಕೇಳಿ.

ಲೈಸೋಸೋಮನ್ನು ಕಂಡುಹಿಡಿದವರು ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡೂವ್, 1955ರಲ್ಲಿ. ಲೈಸೋಸೋಮ್ ಅಂದರೆ ಜೀವಕೋಶದೊಳಗಿನ ಹುಳಿ ಚೀಲ. ಒಳಗಡೆ ಪಿಎಚ್ 5ರ ಆಸುಪಾಸು, ತುಂಬಾ ಕಿಣ್ವಗಳು. ಒಳಗೆ ಬಿದ್ದದ್ದೆಲ್ಲ ಕರಗುತ್ತದೆ. ಆಟೋಫಜಿ ಅನ್ನುವ ಹೆಸರನ್ನು 1963ರಲ್ಲಿ ಕೊಟ್ಟವರೂ ಅವರೇ. ಆಮೇಲೆ ಹೆಚ್ಚುಕಡಿಮೆ 30 ವರ್ಷ, ಇದನ್ನು ನಡೆಸುವ ಜೀನ್‌ಗಳು ಯಾವುವು ಅಂತಲೇ ಯಾರಿಗೂ ಗೊತ್ತಿರಲಿಲ್ಲ.

1988ರಲ್ಲಿ ಯೋಶಿನೋರಿ ಓಸುಮಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಸಣ್ಣ ಲ್ಯಾಬ್ ಶುರು ಮಾಡಿದರು. ಅವರಿಗಾಗ 43 ವರ್ಷ. ತೆಗೆದುಕೊಂಡದ್ದು ಬೇಕರಿಯವರು ಬ್ರೆಡ್ಡಿಗೆ ಹಾಕುವ ಜಾತಿಯದೇ ಯೀಸ್ಟ್. ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸ ಮಾಡುವ ಒಂದು ದೊಡ್ಡ ಚೀಲ ಇದೆ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಆದರೆ ಅದರೊಳಗೆ ಹೋದದ್ದು ತಕ್ಷಣ ಕರಗಿಬಿಟ್ಟರೆ ನೋಡುವುದು ಏನನ್ನು? ಅದಕ್ಕೆ ಅವರು ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿ ತಂದು, ಅದನ್ನು ಉಪವಾಸ ಕೆಡವಿದರು. ಕೆಲವೇ ಗಂಟೆಯೊಳಗೆ ಆ ಚೀಲದಲ್ಲಿ ಸಣ್ಣ ಸಣ್ಣ ಗುಂಡುಗಳು ತುಂಬಿಕೊಂಡು, ಒಂದೇ ಸಮ ಓಡಾಡತೊಡಗಿದವು. ಒಳಗೆ ಬಂದಿವೆ, ಕರಗಲು ದಾರಿ ಇಲ್ಲ, ಹಾಗಾಗಿ ಕಣ್ಣಿಗೆ ಕಾಣುತ್ತಿವೆ. ನನಗೆ ಈ ಪ್ರಯೋಗದ ಬಗ್ಗೆ ಇವತ್ತಿಗೂ ಅಪಾರ ಗೌರವ. ದುಬಾರಿ ಯಂತ್ರ ಇಲ್ಲ. ಸರಿಯಾದ ಜಾಗದಲ್ಲಿ ತಡೆ ಹಾಕಿ ನೋಡುವ ಬುದ್ಧಿ, ಅಷ್ಟೇ. ಆ ಮೇಲೆ ಸಾವಿರಾರು ಯೀಸ್ಟ್ ರೂಪಾಂತರಗಳನ್ನು ಸೋಸಿ, ಯಾವುದರಲ್ಲಿ ಗುಂಡುಗಳು ಬರುವುದಿಲ್ಲ ಅಂತ ಹುಡುಕಿದರು. 1993ರಲ್ಲಿ 15 ಜೀನ್‌ಗಳ ಪಟ್ಟಿ ಪ್ರಕಟವಾಯಿತು. 2016ರಲ್ಲಿ ಅವರೊಬ್ಬರಿಗೇ ನೊಬೆಲ್ ಬಂತು. ನೋಡಿ, ಆ ಬಹುಮಾನ ಬಂದದ್ದು ಯೀಸ್ಟಿನಲ್ಲಿ ಈ ಕೆಲಸ ನಡೆಯುವ ಬಗೆಯನ್ನು ತೋರಿಸಿದ್ದಕ್ಕೆ. ಮನುಷ್ಯರು ಉಪವಾಸ ಮಾಡಿದರೆ ರೋಗ ವಾಸಿಯಾಗುತ್ತದೆ ಅಂತ ತೋರಿಸಿದ್ದಕ್ಕಲ್ಲ.

ಆ ಜೀನ್‌ಗಳಲ್ಲಿ ಮುಖ್ಯವಾದವಕ್ಕೆ ಸರಿಜೋಡಿ ಮನುಷ್ಯರಲ್ಲೂ ಸಿಕ್ಕವು. ಯೀಸ್ಟಿನ ಎಟಿಜಿ1 ನಮ್ಮಲ್ಲಿ ಯುಎಲ್‌ಕೆ1. ಯೀಸ್ಟಿನ ಎಟಿಜಿ8 ನಮ್ಮಲ್ಲಿ ಎಲ್‌ಸಿ3. ಇಲಿಯ ನರಕೋಶಗಳಲ್ಲಿ ಮಾತ್ರ ಆಟೋಫಜಿ ನಡೆಯದ ಹಾಗೆ ಮಾಡಿದ ಎರಡು ಪ್ರಯೋಗಗಳು 2006ರಲ್ಲಿ ಜಪಾನಿನಿಂದ ಬಂದವು. ಆ ಇಲಿಗಳ ನರಕೋಶಗಳಲ್ಲಿ ಪ್ರೋಟೀನ್ ಮುದ್ದೆಗಳು ಕೂಡಿಕೊಂಡವು. ನಡಿಗೆ ಕೆಟ್ಟಿತು, ನರಕೋಶಗಳು ಸತ್ತವು. ಹಾಗಾಗಿ ಯೀಸ್ಟಿಗೂ ಅಪ್ಪನಿಗೂ ಸಂಬಂಧ ಇದೆ, ಗಟ್ಟಿಯಾದ ಸಂಬಂಧವೇ ಇದೆ. ವಿಡಿಯೋದವರು ಹಿಡಿದುಕೊಂಡಿರುವ ಅರ್ಧ ನಿಜ ಇದೇ.

ಈಗ 'ಪ್ರೋಟೀನ್ ಸಿಗ್ನಲಿಂಗ್' ಅನ್ನುವ ಭಾಗ. ಎಷ್ಟು ಒಡೆಯಬೇಕು, ಯಾವಾಗ ಒಡೆಯಬೇಕು ಅಂತ ಜೀವಕೋಶ ಹೇಗೆ ತೀರ್ಮಾನ ಮಾಡುತ್ತದೆ? ಅದಕ್ಕೆ ಮಿದುಳಿಲ್ಲ. ಪ್ರೋಟೀನುಗಳೇ ಒಂದಕ್ಕೊಂದು ಸುದ್ದಿ ಮುಟ್ಟಿಸಬೇಕು. ಮುಟ್ಟಿಸುವ ರೀತಿ ತುಂಬಾ ಸರಳ. ಒಂದು ಪ್ರೋಟೀನು ಇನ್ನೊಂದರ ಮೈಮೇಲೆ, ಒಂದು ನಿಗದಿತ ಜಾಗದಲ್ಲಿ, ಫಾಸ್ಫೇಟ್ ಅನ್ನುವ ಸಣ್ಣ ತುಣುಕನ್ನು ಅಂಟಿಸುತ್ತದೆ. ಅಂಟಿಸಿದ ಜಾಗ ಬೇರೆಯಾದರೆ ಅರ್ಥವೂ ಬೇರೆ.

ಯುಎಲ್‌ಕೆ1 ಅಂದೆನಲ್ಲ, ಆಟೋಫಜಿಗೆ ಚಾಲನೆ ಕೊಡುವುದು ಅದೇ. ಹೊಟ್ಟೆ ತುಂಬ ಉಂಡಾಗ ರಕ್ತದಲ್ಲಿ ಇನ್ಸುಲಿನ್ ಇರುತ್ತದೆ, ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ತುಣುಕುಗಳಾದ ಅಮೈನೋ ಆಮ್ಲಗಳು ಇರುತ್ತವೆ. ಆಗ ಎಂಟಾರ್ ಅನ್ನುವ ಪ್ರೋಟೀನು ಲೈಸೋಸೋಮಿನ ಮೇಲೇ ಬಂದು ಕೂತು ಚುರುಕಾಗುತ್ತದೆ. ಅದು ಯುಎಲ್‌ಕೆ1ರ 757ನೇ ಜಾಗದಲ್ಲಿ ಫಾಸ್ಫೇಟ್ ಅಂಟಿಸುತ್ತದೆ. ಕೆಲಸ ನಿಧಾನ. ಶಕ್ತಿ ಕಡಿಮೆಯಾದಾಗ ಎಎಂಪಿಕೆ ಅನ್ನುವ ಇನ್ನೊಂದು ಪ್ರೋಟೀನು ಎಚ್ಚರಾಗಿ, ಅದೇ ಯುಎಲ್‌ಕೆ1ರ 317, 777ನೇ ಜಾಗಗಳಲ್ಲಿ ಅಂಟಿಸುತ್ತದೆ. ಕೆಲಸ ಜೋರು. ಈ ಸಂಖ್ಯೆಗಳು ಇಲಿಯ ಪ್ರೋಟೀನಿನವು, 2011ರಲ್ಲಿ ಗೊತ್ತಾದದ್ದು. ಬೇಡ ಅನ್ನುವ ಸುದ್ದಿಯೂ ಬೇಕು ಅನ್ನುವ ಸುದ್ದಿಯೂ ಬರುವುದು ಒಂದೇ ಪ್ರೋಟೀನಿನ ಮೈಮೇಲೆ. ಯಾವುದು ಜಾಸ್ತಿಯೋ ಅದರಂತೆ ನಡೆಯುತ್ತದೆ.

ಎಂಟಾರ್ ಸಿಕ್ಕ ಬಗೆಯೂ ಚೆಂದ. 1964ರಲ್ಲಿ ಕೆನಡಾದ ಒಂದು ತಂಡ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೋಯಿತು. ಅಲ್ಲಿಂದ ತಂದ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ರಾಪಾಮೈಸಿನ್ ಅನ್ನುವ ಔಷಧ ಸಿಕ್ಕಿತು. ಅದರ ಹಿಂದೆ ಬಿದ್ದು ಕೆಲಸ ಮಾಡಿದವರು ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇನ್ ಸೆಹಗಲ್. ಈ ಔಷಧ ಯಾವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ ಅಂತ 1991ರಲ್ಲಿ ತಿಳಿದದ್ದು, ಮತ್ತೆ ಯೀಸ್ಟಿನಿಂದಲೇ. ಯೀಸ್ಟಿನ ಆ ಪ್ರೋಟೀನಿಗೆ ನಮ್ಮಲ್ಲಿರುವ ಸರಿಜೋಡಿಯೇ ಎಂಟಾರ್. ಇವತ್ತು ಕಿಡ್ನಿ ಕಸಿ ಮಾಡಿಸಿಕೊಂಡ ಎಷ್ಟೋ ಜನ ಈ ಔಷಧ ತಗೊಳ್ಳುತ್ತಾರೆ.

ಇಲ್ಲಿಂದ ಅಪ್ಪನ ಹಳೆಯ ಏಕಾದಶಿಗೆ ಬರೋಣ. ಅವಲಕ್ಕಿ, ಬಾಳೆಹಣ್ಣು, ಹಾಲು ತಿಂದರೆ ಸಕ್ಕರೆ ಬಂತು, ಇನ್ಸುಲಿನ್ ಬಂತು, ಹಾಲಿನಿಂದ ಅಮೈನೋ ಆಮ್ಲವೂ ಬಂತು. ಜೀವಕೋಶದ ಲೆಕ್ಕದಲ್ಲಿ ಅದು ಉಪವಾಸವೇ ಅಲ್ಲ. ಇದರಲ್ಲಿ ಕೊರತೆ ಏನೂ ಇಲ್ಲ. ಅಪ್ಪ ಏಕಾದಶಿ ಮಾಡುವುದು ದೇವರಿಗಾಗಿ. ಅದಕ್ಕೆ ನೊಬೆಲ್ಲಿನ ಸಾಕ್ಷಿ ಯಾಕೆ ಬೇಕು?

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಮುಂದಿನದು. ಇದು ಲ್ಯಾಬಿಗೂ ಅಪ್ಪನಿಗೂ ಒಂದೇ ಥರ ಅನ್ವಯಿಸುತ್ತದೆ.

ಆಟೋಫಜಿಯನ್ನು ನಾವು ಹೀಗೆ ನೋಡುತ್ತೇವೆ. ಎಲ್‌ಸಿ3 ಪ್ರೋಟೀನಿಗೆ ಹಸಿರು ಹೊಳೆಯುವ ಪ್ರೋಟೀನನ್ನು ಜೋಡಿಸಿರುತ್ತೇವೆ. ಚೆನ್ನಾಗಿ ಆಹಾರ ಸಿಕ್ಕ ಜೀವಕೋಶ ಮೈಕ್ರೋಸ್ಕೋಪಿನಡಿ ತುಂಬ ಮಸುಕು ಹಸಿರಾಗಿ ಕಾಣುತ್ತದೆ. ಅಮೈನೋ ಆಮ್ಲ ಇಲ್ಲದ ದ್ರವಕ್ಕೆ ಹಾಕಿ ಒಂದೆರಡು ಗಂಟೆ ಬಿಟ್ಟು ನೋಡಿದರೆ, ಆ ಮಸುಕು ಹೋಗಿ ಚುಕ್ಕಿಗಳು ಎದ್ದಿರುತ್ತವೆ. ಒಂದೊಂದು ಚುಕ್ಕಿಯೂ ಎರಡು ಪದರದ ಪೊರೆಯಿಂದ ಆದ ಒಂದು ಚೀಲ, ಕಸ ತುಂಬಿಕೊಂಡದ್ದು. ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಗಾತ್ರ. ಈ ಚೀಲ ಹೋಗಿ ಲೈಸೋಸೋಮಿಗೆ ಸೇರಿದರೆ ಮಾತ್ರ ಕಸ ಕರಗುತ್ತದೆ.

ಈಗ ಹೇಳಿ, ಚುಕ್ಕಿ ಜಾಸ್ತಿ ಕಂಡರೆ ಏನರ್ಥ? ಕೆಲಸ ಜೋರಾಗಿ ನಡೆಯುತ್ತಿದೆ ಅಂತಲೂ ಇರಬಹುದು. ಲೈಸೋಸೋಮ್ ಕೆಟ್ಟು, ಚೀಲಗಳು ಕರಗದೆ ಉಳಿದಿವೆ ಅಂತಲೂ ಇರಬಹುದು. ನೋಡಲು ಎರಡೂ ಒಂದೇ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಗೊತ್ತಲ್ಲ, ಅದು ಲೈಸೋಸೋಮಿನ ಹುಳಿ ಇಳಿಸುತ್ತದೆ. ಅದನ್ನು ಹಾಕಿದ ಜೀವಕೋಶದಲ್ಲೂ ಚುಕ್ಕಿಗಳು ರಾಶಿ ರಾಶಿ. ಆದರೆ ಅಲ್ಲಿ ಕಸ ಕರಗುವುದು ನಿಂತೇ ಹೋಗಿದೆ. ಹಾಗಾಗಿ ಈ ಕ್ಷೇತ್ರದಲ್ಲಿ ಚುಕ್ಕಿ ಎಣಿಸಿ ಸುಮ್ನೆ ಕೂರುವಂತಿಲ್ಲ. ಔಷಧ ಹಾಕಿ ಲೈಸೋಸೋಮನ್ನು ಬೇಕೆಂದೇ ತಡೆದು, ಆಗ ಚುಕ್ಕಿ ಇನ್ನೂ ಹೆಚ್ಚಿತಾ ಅಂತ ನೋಡಬೇಕು. ಹೆಚ್ಚಿದರೆ ದಾರಿ ಮೊದಲು ತೆರೆದಿತ್ತು. ಹೆಚ್ಚದಿದ್ದರೆ ಮೊದಲೇ ಎಲ್ಲೋ ಕಟ್ಟಿಕೊಂಡಿತ್ತು. ನಿಮ್ಮ ಅಕ್ಕನ ಮಗಳಿಗೆ ಈ ಮಾತು ಹೇಳಿ ನೋಡಿ, ಕೂಡಲೇ ತಲೆ ಆಡಿಸುತ್ತಾಳೆ. ಅವಳ ವಾರಗಳು ಹೋಗುವುದು ಇದರಲ್ಲೇ ಇರಬಹುದು.

ಇದು ಅಪ್ಪನಿಗೆ ಯಾಕೆ ಮುಖ್ಯ? ಪಾರ್ಕಿನ್ಸನ್ಸ್‌ನಲ್ಲಿ ನರಕೋಶದೊಳಗೆ ಆಲ್ಫಾ ಸೈನ್ಯೂಕ್ಲಿನ್ ಅನ್ನುವ ಪ್ರೋಟೀನು ಮುದ್ದೆಗಟ್ಟುತ್ತದೆ. ಈ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನ್ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದು ಜಿಬಿಎ ಅನ್ನುವ ಜೀನಿನಲ್ಲಿ ಇದೆ. ಆ ಜೀನ್ ಯಾವುದರದ್ದು ಗೊತ್ತಾ? ಲೈಸೋಸೋಮಿನ ಒಂದು ಕಿಣ್ವದ್ದು. ಅಂದರೆ ಕೆಲವು ರೋಗಿಗಳಲ್ಲಾದರೂ ತೊಂದರೆ ಇರುವುದು ಕೊನೆಯ ಹಂತದಲ್ಲಿ, ಕರಗಿಸುವ ಕಡೆ. ಕೊನೆಯಲ್ಲಿ ಕಟ್ಟಿಕೊಂಡಿರುವಾಗ ಉಪವಾಸ ಮಾಡಿ ಶುರುವಿನಲ್ಲಿ ಇನ್ನಷ್ಟು ನೂಕಿದರೆ ಆಗುವುದೇನು? ಕರಗದ ಚೀಲಗಳು ಇನ್ನಷ್ಟು. ಒಳ್ಳೆಯದಾಗುತ್ತದೆ ಅಂತ ಮೊದಲೇ ಹೇಳಿಬಿಡಲು ಆಗುವುದಿಲ್ಲ.

ಇನ್ನೊಂದು ಕಡೆಯೂ ತೊಂದರೆ ಆಗಬಹುದು. ಚಿಕ್ಕ ವಯಸ್ಸಿಗೇ ಬರುವ ಕೆಲವು ಪಾರ್ಕಿನ್ಸನ್ಸ್‌ನಲ್ಲಿ ಪಿಂಕ್1, ಪಾರ್ಕಿನ್ ಅನ್ನುವ ಎರಡು ಜೀನ್‌ಗಳು ಕೆಟ್ಟಿರುತ್ತವೆ. ಇವುಗಳ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೈಟೋಕಾಂಡ್ರಿಯಾ ಚೆನ್ನಾಗಿರುವಾಗ ಪಿಂಕ್1 ಪ್ರೋಟೀನನ್ನು ಒಳಗೆಳೆದುಕೊಂಡು ಕತ್ತರಿಸಿ ಹಾಕುತ್ತದೆ. ಹಾಗಾಗಿ ಹೊರಗೆ ಪಿಂಕ್1 ಕಾಣುವುದೇ ಇಲ್ಲ. ಮೈಟೋಕಾಂಡ್ರಿಯಾ ಕೆಟ್ಟರೆ ಒಳಗೆಳೆಯುವ ಶಕ್ತಿ ಅದಕ್ಕಿರುವುದಿಲ್ಲ. ಪಿಂಕ್1 ಮೇಲ್ಮೈಯಲ್ಲೇ ಕೂಡಿಕೊಳ್ಳುತ್ತದೆ, ಫಾಸ್ಫೇಟ್ ಅಂಟಿಸಿ ಪಾರ್ಕಿನ್ನನ್ನು ಕರೆಯುತ್ತದೆ. ಪಾರ್ಕಿನ್ ಬಂದು ಆ ಮೈಟೋಕಾಂಡ್ರಿಯಾದ ಮೈತುಂಬ ಯುಬಿಕ್ವಿಟಿನ್ ಅನ್ನುವ ಗುರುತು ಹಚ್ಚುತ್ತದೆ. ಗುರುತು ನೋಡಿ ಆಟೋಫಜಿಯ ಪೊರೆ ಬಂದು ಸುತ್ತಿಕೊಳ್ಳುತ್ತದೆ. ಪಾರ್ಕಿನ್ ಹೀಗೆ ಕೆಟ್ಟ ಮೈಟೋಕಾಂಡ್ರಿಯಾದ ಮೇಲೆ ಹೋಗಿ ಕೂರುತ್ತದೆ ಅಂತ 2008ರಲ್ಲಿ ತಿಳಿಯಿತು. ಇಲ್ಲಿ ಹಸಿವಿನ ಪ್ರಶ್ನೆಯೇ ಇಲ್ಲ. ಹೊಟ್ಟೆ ತುಂಬಿದ್ದರೂ ಕೆಟ್ಟ ಮೈಟೋಕಾಂಡ್ರಿಯಾ ಹೋಗಬೇಕು. ಹಸಿವಿನ ಆಟೋಫಜಿ ಅಮೈನೋ ಆಮ್ಲಕ್ಕಾಗಿ ಸಿಕ್ಕದ್ದನ್ನು ಒಡೆಯುತ್ತದೆ. ನರಕೋಶಕ್ಕೆ ಬೇಕಾದದ್ದು ಹೀಗೆ ಆರಿಸಿ ಒಡೆಯುವ ಆಟೋಫಜಿ. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ, ಅದರಿಂದಲೇ ವಿಡಿಯೋದವರಿಗೆ ಸಲೀಸಾಗಿದೆ.

ಹಸಿವಿನಿಂದ ಮಿದುಳಿನಲ್ಲಿ ಆಟೋಫಜಿ ಹೆಚ್ಚುತ್ತದಾ ಅನ್ನುವುದೇ ತಕರಾರಿನ ವಿಷಯ. 2004ರಲ್ಲಿ ನೊಬೊರು ಮಿಝುಶಿಮಾ ಅವರ ತಂಡ ಹಸಿರು ಹೊಳೆಯುವ ಎಲ್‌ಸಿ3 ಇರುವ ಇಲಿಗಳನ್ನು ಉಪವಾಸ ಕೆಡವಿ ನೋಡಿತು. ಲಿವರಿನಲ್ಲಿ, ಸ್ನಾಯುವಿನಲ್ಲಿ, ಹೃದಯದಲ್ಲಿ ಚುಕ್ಕಿಗಳು ಹೆಚ್ಚಿದವು. ಮಿದುಳಿನಲ್ಲಿ ಹೆಚ್ಚಲಿಲ್ಲ. 2010ರಲ್ಲಿ ಇನ್ನೊಂದು ತಂಡ ಇಲಿಯ ನರಕೋಶಗಳಲ್ಲಿ ಹೆಚ್ಚಿದ್ದನ್ನು ನೋಡಿತು. ಇಲಿಯಲ್ಲೇ ಇಷ್ಟು ಗೊಂದಲ. ಇಲಿಗೆ ಒಂದು ದಿನದ ಉಪವಾಸ ನಮಗೆ ಒಂದು ದಿನದ ಉಪವಾಸದ ಹಾಗಲ್ಲ, ಅಷ್ಟರಲ್ಲೇ ಅದರ ತೂಕ ಎದ್ದು ಕಾಣುವಷ್ಟು ಇಳಿಯುತ್ತದೆ. ಹೀಗಿರುವಾಗ '16ನೇ ಗಂಟೆಗೆ ಆಟೋಫಜಿ ಶುರು, 36ನೇ ಗಂಟೆಗೆ ಮಿದುಳು ಸ್ವಚ್ಛ' ಅನ್ನುವ ಗಂಟೆ ಲೆಕ್ಕ ಎಲ್ಲಿಂದ ಬಂತು? ಬದುಕಿರುವ ಮನುಷ್ಯನ ಮಿದುಳಿನಲ್ಲಿ ಆಟೋಫಜಿ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ ಕಾರವಾರದ ಆಸ್ಪತ್ರೆಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಅಳೆಯಲು ಆಗದ್ದಕ್ಕೆ ಗಂಟೆ ಹಾಕಿ ಹೇಳುವವರನ್ನು ನಂಬಬೇಡಿ.

'ಆಟೋಫಜಿ ಕ್ಯಾಪ್ಸೂಲ್' ಮಾರುವವರಿಗೂ ಇದೇ ಉತ್ತರ. ಕ್ಯಾನ್ಸರಿನ ವಿಷಯದಲ್ಲಂತೂ ಆಟೋಫಜಿಗೆ ಎರಡು ಮುಖ. ಮೊದಮೊದಲು ಕ್ಯಾನ್ಸರನ್ನು ತಡೆಯಲು ನೆರವಾಗುತ್ತದೆ. ಗಡ್ಡೆ ಬೆಳೆದ ಮೇಲೆ ಅದೇ ಗಡ್ಡೆಯ ಜೀವಕೋಶಗಳನ್ನು ಬದುಕಿಸುತ್ತದೆ. ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ಮಾತೇ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಅಪ್ಪ ಮಾಡಬಹುದಾದದ್ದು ಏನೂ ಇಲ್ಲವಾ? ಇದೆ. ವ್ಯಾಯಾಮ. ಓಡಿಸಿದ ಇಲಿಗಳ ಸ್ನಾಯುವಿನಲ್ಲಿ ಆಟೋಫಜಿ ಹೆಚ್ಚಿದ್ದನ್ನು ಬೆತ್ ಲೆವಿನ್ ಅವರ ಲ್ಯಾಬ್ 2012ರಲ್ಲಿ ತೋರಿಸಿತು. ಆದರೆ ನಾನು ವ್ಯಾಯಾಮ ಹೇಳುತ್ತಿರುವುದು ಅದಕ್ಕಲ್ಲ. ಪಾರ್ಕಿನ್ಸನ್ಸ್ ಇರುವವರ ನಡಿಗೆಗೆ, ಸಮತೋಲನಕ್ಕೆ ವ್ಯಾಯಾಮದಿಂದ ಉಪಯೋಗ ಇದೆ ಅಂತ ಮನುಷ್ಯರಲ್ಲೇ ನೋಡಿದ್ದಾರೆ. ಫಿಜಿಯೋಥೆರಪಿಯವರು ಹೇಳಿದ ಹಾಗೆ ದಿನಾ ಮಾಡಲಿ. ಮಳೆಗಾಲದಲ್ಲಿ ಅಂಗಳ ಬೇಡ, ಜಗುಲಿಯಲ್ಲೇ ನಡೆಯಲಿ.

ಊಟದಲ್ಲಿ ಒಂದು ವಿಷಯ ಮಾತ್ರ ಗಮನಿಸಿ. ಲೆವೊಡೋಪಾ ಕೂಡ ಅಮೈನೋ ಆಮ್ಲದ ಜಾತಿಯದೇ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಅದು ಊಟದ ಅಮೈನೋ ಆಮ್ಲಗಳ ಜೊತೆ ಪೈಪೋಟಿ ಮಾಡಬೇಕು. ಮಾತ್ರೆಯ ಜೊತೆಗೇ ದೊಡ್ಡ ಲೋಟ ಹಾಲು ಕುಡಿದರೆ, ಬೇಳೆ-ಮೊಸರಿನ ಊಟ ಮಾಡಿದರೆ, ಕೆಲವರಿಗೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ತಗೊಳ್ಳಿ ಅಂತ ಎಷ್ಟೋ ವೈದ್ಯರು ಹೇಳುತ್ತಾರೆ. ಪ್ರೋಟೀನು ಬಿಟ್ಟೇಬಿಡಿ ಅಂತಲ್ಲ, ಹೊತ್ತು ಬೇರೆ ಮಾಡಿ ಅಂತ. ಇನ್ನು ಬೇಲಿಯಲ್ಲಿ ಬೆಳೆಯುವ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ಯಾರಾದರೂ ಪುಡಿ ಮಾಡಿ ಕೊಟ್ಟರೆ ಮಾತ್ರೆಯ ಜೊತೆ ಕೊಡಬೇಡಿ. ಪ್ರಮಾಣ ಎಷ್ಟಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಪ್ಪನ ಹಟದ ಬಗ್ಗೆ ಒಂದು ಮಾತು. ಅವರು ತಮ್ಮ ಕೈ ತಮ್ಮ ಮಾತು ಕೇಳದಿರುವುದನ್ನು ದಿನಾ ನೋಡುತ್ತಿದ್ದಾರೆ. ಏನಾದರೂ ಮಾಡಬೇಕು ಅನ್ನಿಸುವುದು ಸಹಜ ಅಲ್ವಾ. ಬೇಡ ಅಂತ ಮಾತ್ರ ಹೇಳಿದರೆ ಕೇಳಲಿಕ್ಕಿಲ್ಲ. ಅದರ ಬದಲು ಒಂದು ಕೆಲಸ ಅವರ ಕೈಗೇ ಕೊಡಿ. ಒಂದು ವಾರ ಮಾತ್ರೆ ತಗೊಂಡ ಹೊತ್ತು, ಊಟದ ಹೊತ್ತು, ಏನು ಉಂಡರು, ಮಾತ್ರೆ ಹಿಡಿದು ಕೈಕಾಲು ಸಲೀಸಾದದ್ದು ಯಾವಾಗ, ಮತ್ತೆ ಬಿಗಿದದ್ದು ಯಾವಾಗ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಅವರಿಗೆ ಬರೆಯಲು ಆಗದಿದ್ದರೆ ಹೇಳಲಿ, ಆಯಿ ಬರೆಯಲಿ. ನರರೋಗ ತಜ್ಞರಿಗೆ ಅದನ್ನು ತೋರಿಸಿ. ಅವರು ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಿದರೆ ಅಪ್ಪನಿಗೆ ಆರಾಮ ಸಿಗುವ ಸಾಧ್ಯತೆ ಚೆನ್ನಾಗಿದೆ. ಏಕಾದಶಿಯ ದಿನ ಸಕ್ಕರೆ ಮಾತ್ರೆ ಎಷ್ಟು ತಗೊಳ್ಳಬೇಕು ಅಂತಲೂ ಅವತ್ತೇ ಕೇಳಿ ಬರೆದುಕೊಂಡು ಬನ್ನಿ. ಅವಲಕ್ಕಿ, ಬಾಳೆಹಣ್ಣಿನ ಏಕಾದಶಿ ಮುಂದುವರಿಸಬಹುದಾ ಅನ್ನುವುದನ್ನೂ ಅಪ್ಪನ ಎದುರಿಗೇ ಕೇಳಿ, ಡಾಕ್ಟರ ಬಾಯಿಂದಲೇ ಅವರಿಗೆ ಉತ್ತರ ಸಿಗಲಿ.